ನ್ಯಾಯಪೀಠದ ಕವಚ ಮತ್ತು ಪರವಾನಗಿ ಮಂಡಳಿ: ಅಮೆರಿಕದ ನಾಗರಿಕ ಹಕ್ಕು ದಾವೆಗಳಲ್ಲಿ ಉನ್ಮುಕ್ತಿ ತತ್ತ್ವದ ಬೆಳವಣಿಗೆ

ವೈದ್ಯ, ವಕೀಲ, ದಂತವೈದ್ಯ, ದಾದಿ, ಎಂಜಿನಿಯರ್ ಮೊದಲಾದ ವೃತ್ತಿಗಳನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೈಗೊಳ್ಳಬೇಕಾದರೆ ಆಯಾ ರಾಜ್ಯದ ಪರವಾನಗಿ ಅಗತ್ಯ. ಈ ಪರವಾನಗಿಯನ್ನು ನೀಡುವ, ಅಮಾನತಿನಲ್ಲಿಡುವ ಹಾಗೂ ರದ್ದುಪಡಿಸುವ ಅಧಿಕಾರವು ಬಹುಮಟ್ಟಿಗೆ ರಾಜ್ಯಗಳು ರಚಿಸಿದ ಮಂಡಳಿಗಳ ಕೈಯಲ್ಲಿದೆ. ಮಂಡಳಿಗಳ ಸದಸ್ಯರಲ್ಲಿ ಹೆಚ್ಚಿನವರು ಅದೇ ವೃತ್ತಿಯನ್ನು ನಡೆಸುವವರು. ನಿಯಮಗಳನ್ನು ರೂಪಿಸುವುದು, ದೂರುಗಳನ್ನು ತನಿಖೆ ಮಾಡುವುದು, ಆರೋಪ ಹೊರಿಸುವುದು, ಕೊನೆಗೆ ತೀರ್ಮಾನ ನೀಡುವುದು – ಈ ನಾಲ್ಕೂ ಕಾರ್ಯಗಳು ಅನೇಕ ವೇಳೆ ಒಂದೇ ಮಂಡಳಿಯಲ್ಲಿ ಕೂಡಿಕೊಂಡಿರುತ್ತವೆ. ಇಂತಹ ಮಂಡಳಿಯೊಂದು ವ್ಯಕ್ತಿಯ ಜನಾಂಗ, ಲಿಂಗ, ರಾಜಕೀಯ ಅಭಿಪ್ರಾಯ ಅಥವಾ ಅಂಗವೈಕಲ್ಯವನ್ನು ನೆಪವಾಗಿಸಿಕೊಂಡು ಆತನ ಜೀವನೋಪಾಯವನ್ನು ಕಿತ್ತುಕೊಂಡರೆ ಆತ ಯಾರ ಮೇಲೆ ದಾವೆ ಹೂಡಬೇಕು?

ಈ ಪ್ರಶ್ನೆಗೆ ಅಲ್ಲಿನ ನ್ಯಾಯಾಲಯಗಳು ನೀಡಿರುವ ಉತ್ತರ ಸರಳವಾದುದಲ್ಲ. ಮಂಡಳಿಯ ಮೇಲೆ ದಾವೆ ಹೂಡಿದರೆ ಅದು ತಾನೇ ರಾಜ್ಯವೆಂದು ಹೇಳಿಕೊಳ್ಳುತ್ತದೆ. ಸದಸ್ಯರ ಮೇಲೆ ಹೂಡಿದರೆ ಅವರು ತಾವು ನ್ಯಾಯಾಧೀಶರಂತೆ ಕೆಲಸ ಮಾಡಿದ್ದೇವೆ ಎನ್ನುತ್ತಾರೆ. ನಡೆಯುತ್ತಿರುವ ವಿಚಾರಣೆಯನ್ನು ತಡೆಯಬೇಕೆಂದು ಕೋರಿದರೆ, ರಾಜ್ಯದ ಪ್ರಕ್ರಿಯೆ ಮುಗಿಯುವವರೆಗೆ ಒಕ್ಕೂಟದ ನ್ಯಾಯಾಲಯವು ದೂರ ನಿಲ್ಲಬೇಕೆಂಬ ವಾದ ಎದುರಾಗುತ್ತದೆ. ದಾವೆಗೆ ಗುರಿಯಾಗದಂತೆ ಕಾನೂನು ನೀಡುವ ರಕ್ಷಣೆಗೆ ಉನ್ಮುಕ್ತಿ ಎಂದು ಹೆಸರು. ಮೇಲಿನ ಮೊದಲೆರಡು ಉತ್ತರಗಳು ಉನ್ಮುಕ್ತಿಯ ಎರಡು ಬಗೆಗಳು. ಮೂರನೆಯದು ಉನ್ಮುಕ್ತಿಯಲ್ಲದಿದ್ದರೂ ಪರಿಣಾಮದಲ್ಲಿ ಅದಕ್ಕೆ ಸಮೀಪವಾದುದು. ನ್ಯಾಯಾಧೀಶನಿಗಾಗಿ ಸಿದ್ಧವಾದ ರಕ್ಷಣೆಯು ಹೋಲಿಕೆಯ ಬಲದಿಂದ ಮಂಡಳಿಯ ಸದಸ್ಯರಿಗೆ ಹೇಗೆ ಹಸ್ತಾಂತರಗೊಂಡಿತು, ಆ ಹೋಲಿಕೆ ಎಷ್ಟರಮಟ್ಟಿಗೆ ಸಮರ್ಥನೀಯ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರವಾನಗಿ ಮತ್ತು ತಾರತಮ್ಯ

ಅಂತರ್ಯುದ್ಧದ ನಂತರದ ಕಾಲು ಶತಮಾನದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮೂಲಭೂತ ತೀರ್ಪುಗಳು ಹೊರಬಿದ್ದವು. ಅವುಗಳಲ್ಲಿ ಪ್ರಮುಖವಾದ ಮೂರನ್ನು ಬರೆದವರು ಒಬ್ಬರೇ, 1863ರಿಂದ 1897ರವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್, ಎಂಬುದು ಗಮನಾರ್ಹ.

ಮೊದಲನೆಯದು 1867ರ ಗಾರ್ಲೆಂಡ್ ಪ್ರಕರಣ. ದಕ್ಷಿಣದ ಬಂಡಾಯ ಸರ್ಕಾರಕ್ಕೆ ತಾವು ಎಂದೂ ನೆರವು ನೀಡಿಲ್ಲವೆಂದು ಪ್ರಮಾಣ ಮಾಡದ ವಕೀಲರು ಒಕ್ಕೂಟದ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸಕೂಡದೆಂದು 1865ರ ಕಾಯಿದೆ ವಿಧಿಸಿತ್ತು. ಅರ್ಕನ್ಸಾಸ್‌ನ ಆಗಸ್ಟಸ್ ಗಾರ್ಲೆಂಡ್ ಬಂಡಾಯ ರಾಜ್ಯಗಳ ಶಾಸನಸಭೆಯಲ್ಲಿದ್ದವರು. ಅಧ್ಯಕ್ಷರಿಂದ ಕ್ಷಮಾದಾನ ಪಡೆದಿದ್ದರೂ ಅವರು ಆ ಪ್ರಮಾಣವನ್ನು ಸ್ವೀಕರಿಸುವಂತಿರಲಿಲ್ಲ. ವಕೀಲನ ವೃತ್ತಿ ಹಕ್ಕನ್ನು ದುರ್ನಡತೆಯ ಕಾರಣಕ್ಕಾಗಿ, ಅವನ ಅಹವಾಲನ್ನು ಕೇಳಿದ ನಂತರ, ನ್ಯಾಯಾಲಯದ ತೀರ್ಮಾನದ ಮೂಲಕ ಮಾತ್ರ ಕಸಿದುಕೊಳ್ಳಬಹುದೆಂದು ಫೀಲ್ಡ್ ಬರೆದರು. ನಾಲ್ವರ ಭಿನ್ನಮತದ ನಡುವೆ ಆ ಕಾಯಿದೆಯ ನಿರ್ಬಂಧ ಬಿದ್ದುಹೋಯಿತು.

ಆದರೆ ಈ ಔದಾರ್ಯ ಎಲ್ಲರಿಗೂ ಸಮಾನವಾಗಿ ದೊರೆಯಲಿಲ್ಲ. 1873ರ ಏಪ್ರಿಲ್ 14ರಂದು ನ್ಯೂ ಆರ್ಲಿಯನ್ಸ್ ನಗರದ ಕಸಾಯಿಖಾನೆಗಳ ಪ್ರಕರಣದಲ್ಲಿ ಕಟುಕರ ವೃತ್ತಿ ಸ್ವಾತಂತ್ರ್ಯದ ಪರವಾಗಿ ಫೀಲ್ಡ್ ದೀರ್ಘವಾದ ಭಿನ್ನಮತ ಬರೆದರು. ಮರುದಿನ ಮೈರಾ ಬ್ರಾಡ್‌ವೆಲ್ ಪ್ರಕರಣದ ತೀರ್ಪು ಪ್ರಕಟವಾಯಿತು. ಶಿಕಾಗೋದಲ್ಲಿ ಕಾನೂನು ಪತ್ರಿಕೆಯೊಂದನ್ನು ಸ್ಥಾಪಿಸಿ ನಡೆಸುತ್ತಿದ್ದ ಬ್ರಾಡ್‌ವೆಲ್ ಅವರಿಗೆ ವಿವಾಹಿತ ಸ್ತ್ರೀ ಎಂಬ ಕಾರಣಕ್ಕೆ ಇಲಿನಾಯ್ ರಾಜ್ಯವು ವಕೀಲಿ ಪರವಾನಗಿಯನ್ನು ನಿರಾಕರಿಸಿತ್ತು. ಎಂಟು ನ್ಯಾಯಮೂರ್ತಿಗಳು ಆ ನಿರಾಕರಣೆಯನ್ನು ಎತ್ತಿಹಿಡಿದರು. ಮುಖ್ಯ ನ್ಯಾಯಮೂರ್ತಿ ಚೇಸ್ ಒಬ್ಬರೇ ಭಿನ್ನಮತ ಸೂಚಿಸಿದರು. ಸ್ತ್ರೀಯರ ಸ್ವಭಾವವು ಇಂತಹ ವೃತ್ತಿಗೆ ಒಗ್ಗದು ಎಂಬ ಪ್ರತ್ಯೇಕ ಅಭಿಪ್ರಾಯಕ್ಕೆ ಫೀಲ್ಡ್ ಕೂಡ ಸಹಮತ ನೀಡಿದರು.

ಪರವಾನಗಿಯ ಅಧಿಕಾರವು ಜನಾಂಗೀಯ ತಾರತಮ್ಯದ ಸಾಧನವಾಗಬಲ್ಲುದೆಂಬುದನ್ನು ನ್ಯಾಯಾಲಯವು 1886ರ ಯಿಕ್ ವೋ ಪ್ರಕರಣದಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿತು. ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಮೇಲ್ವಿಚಾರಕರ ಮಂಡಳಿಯ ಒಪ್ಪಿಗೆ ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ನಗರವು 1880ರಲ್ಲಿ ನಿಯಮ ಮಾಡಿತ್ತು. ನಗರದ ಸುಮಾರು 320 ಅಂಗಡಿಗಳಲ್ಲಿ 240ರಷ್ಟು ಚೀನೀಯರವು. ಒಪ್ಪಿಗೆ ಕೋರಿದ ಸುಮಾರು 200 ಚೀನೀಯರ ಅರ್ಜಿಗಳೆಲ್ಲ ತಿರಸ್ಕೃತವಾದವು. ಇತರರ ಅರ್ಜಿಗಳಲ್ಲಿ ಒಂದನ್ನುಳಿದು ಎಲ್ಲವೂ ಮಂಜೂರಾದವು. ನಿಯಮದ ಅಕ್ಷರ ನಿಷ್ಪಕ್ಷಪಾತವಾಗಿದ್ದರೂ ಅದರ ಜಾರಿ ಪಕ್ಷಪಾತದಿಂದ ಕೂಡಿದ್ದರೆ ಅದು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಪರಿಣಾಮವಾಗಿ ಬಂಧಿತರ ಬಿಡುಗಡೆಯಾಯಿತು. ನಷ್ಟಪರಿಹಾರದ ಪ್ರಶ್ನೆ ಆ ಪ್ರಕರಣದಲ್ಲಿ ಇರಲಿಲ್ಲ.

ಮೂರು ವರ್ಷಗಳ ನಂತರ, 1889ರ ಡೆಂಟ್ ಪ್ರಕರಣದಲ್ಲಿ, ಪಶ್ಚಿಮ ವರ್ಜೀನಿಯಾದ ವೈದ್ಯಕೀಯ ಪರವಾನಗಿ ಕಾಯಿದೆಯನ್ನು ಫೀಲ್ಡ್ ಎತ್ತಿಹಿಡಿದರು. 1876ರಿಂದ ವೃತ್ತಿಯಲ್ಲಿದ್ದ ಡೆಂಟ್ ಅವರು ಸಿನ್ಸಿನಾಟಿಯ ಒಂದು ಭಿನ್ನ ಚಿಕಿತ್ಸಾ ಪಂಥದ ಕಾಲೇಜಿನಿಂದ ಪದವಿ ಪಡೆದಿದ್ದರು. ರಾಜ್ಯದ ಆರೋಗ್ಯ ಮಂಡಳಿ ಆ ಪದವಿಯನ್ನು ಮಾನ್ಯ ಮಾಡಲಿಲ್ಲ. ವೃತ್ತಿಗೆ ಸಂಬಂಧಿಸಿದ ಹಾಗೂ ಸಮಂಜಸವಾದ ಅರ್ಹತೆಗಳನ್ನು ರಾಜ್ಯ ವಿಧಿಸಬಹುದೆಂದು ಈ ತೀರ್ಪು ಸಾರಿತು. ಆಧುನಿಕ ಪರವಾನಗಿ ಮಂಡಳಿಗಳ ವಿಸ್ತಾರಕ್ಕೆ ಇದು ಬುನಾದಿ. ಹೀಗೆ ಮಂಡಳಿಯ ಅಧಿಕಾರವೂ ಅದರ ದುರುಪಯೋಗದ ಸಾಧ್ಯತೆಯೂ ಒಂದೇ ದಶಕದಲ್ಲಿ ನ್ಯಾಯಾಲಯದ ದಾಖಲೆಗೆ ಸೇರಿದವು.

ನ್ಯಾಯಾಧೀಶನ ಕವಚ

ಫೀಲ್ಡ್ ಬರೆದ ಮೂರು ತೀರ್ಪುಗಳಲ್ಲಿ ಉನ್ಮುಕ್ತಿಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದು 1872ರ ಬ್ರಾಡ್ಲಿ ವಿರುದ್ಧ ಫಿಷರ್ ಪ್ರಕರಣ. ಅಧ್ಯಕ್ಷ ಲಿಂಕನ್ ಹತ್ಯೆಯ ಸಂಚಿನಲ್ಲಿ ಆರೋಪಿಯಾಗಿದ್ದ ಜಾನ್ ಸುರಾಟ್ ಅವರ ವಿಚಾರಣೆ 1867ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಿತು. ಆರೋಪಿಯ ಪರ ವಕೀಲ ಜೋಸೆಫ್ ಬ್ರಾಡ್ಲಿ ತಮ್ಮನ್ನು ಅವಮಾನಿಸಿ ಹಲ್ಲೆಯ ಬೆದರಿಕೆ ಹಾಕಿದರೆಂಬ ಕಾರಣಕ್ಕೆ ನ್ಯಾಯಾಧೀಶ ಫಿಷರ್ ಅವರು ವಕೀಲರ ಪಟ್ಟಿಯಿಂದ ಆ ಹೆಸರನ್ನು ತೆಗೆದುಹಾಕಿದರು. ಬ್ರಾಡ್ಲಿ ನಷ್ಟಪರಿಹಾರಕ್ಕಾಗಿ ದಾವೆ ಹೂಡಿದರು.

ಮುನ್ಸೂಚನೆ ನೀಡದೆ, ಅಹವಾಲನ್ನು ಕೇಳದೆ ವಕೀಲನನ್ನು ಪಟ್ಟಿಯಿಂದ ತೆಗೆದದ್ದು ತಪ್ಪೆಂದು ಫೀಲ್ಡ್ ಒಪ್ಪಿದರು; ಗಾರ್ಲೆಂಡ್ ಪ್ರಕರಣದಲ್ಲಿ ಅವರೇ ಬರೆದ ತತ್ತ್ವ ಅದು. ಆದರೂ ಅದು ನ್ಯಾಯಿಕ ಕಾರ್ಯವಾದುದರಿಂದ, ದುರುದ್ದೇಶದ ಆರೋಪವಿದ್ದರೂ ಸಹ, ನ್ಯಾಯಾಧೀಶನ ಮೇಲೆ ನಷ್ಟಪರಿಹಾರದ ದಾವೆ ನಡೆಯದೆಂದು ತೀರ್ಪಿತ್ತರು. ಅಧಿಕಾರವ್ಯಾಪ್ತಿ ಸಂಪೂರ್ಣವಾಗಿ ಇಲ್ಲದ ಸಂದರ್ಭವೊಂದನ್ನು ಮಾತ್ರ ಇದಕ್ಕೆ ಅಪವಾದವಾಗಿ ಉಳಿಸಿದರು. ಸೋತ ಪಕ್ಷದವರೆಲ್ಲ ನ್ಯಾಯಾಧೀಶನ ಮೇಲೆ ದಾವೆ ಹೂಡತೊಡಗಿದರೆ ನಿರ್ಭೀತ ನ್ಯಾಯದಾನ ಅಸಾಧ್ಯ, ತಪ್ಪನ್ನು ತಿದ್ದಲು ಮೇಲ್ಮನವಿ ಇದೆ ಎಂಬುದು ಈ ತತ್ತ್ವದ ಹಿಂದಿನ ತರ್ಕ.

ನ್ಯಾಯಾಧೀಶರಿಗೆ ಸಂಪೂರ್ಣ ಉನ್ಮುಕ್ತಿ ನೀಡಿದ ಈ ಆಧಾರ ತೀರ್ಪು ಹುಟ್ಟಿದ್ದೇ ವೃತ್ತಿಯ ಪರವಾನಗಿಯೊಂದನ್ನು ಕಸಿದುಕೊಂಡ ಸಂದರ್ಭದಲ್ಲಿ. ಆದರೆ ಅಲ್ಲಿ ಪರವಾನಗಿಯನ್ನು ಕಸಿದುಕೊಂಡವನು ನ್ಯಾಯಾಧೀಶ. ಆತ ಆ ವಕೀಲನ ಪ್ರತಿಸ್ಪರ್ಧಿಯಲ್ಲ.

ರಾಜ್ಯದ ಕವಚ

ಎರಡನೆಯ ರಕ್ಷಣೆಯ ಮೂಲ ಇನ್ನೂ ಹಿಂದಿನದು. 1793ರ ಚಿಸೋಮ್ ಪ್ರಕರಣದಲ್ಲಿ ಒಂದು ರಾಜ್ಯದ ಮೇಲೆ ಮತ್ತೊಂದು ರಾಜ್ಯದ ಪ್ರಜೆ ಒಕ್ಕೂಟದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಯುದ್ಧಕಾಲದ ಸಾಲಗಳಿಂದ ಬಳಲುತ್ತಿದ್ದ ರಾಜ್ಯಗಳು ಇದರಿಂದ ಕಳವಳಗೊಂಡವು. ಎರಡೇ ವರ್ಷಗಳಲ್ಲಿ, 1795ರ ಫೆಬ್ರವರಿ 7ರಂದು, ಇಂತಹ ದಾವೆಗಳನ್ನು ನಿಷೇಧಿಸುವ ಹನ್ನೊಂದನೆಯ ತಿದ್ದುಪಡಿ ಅನುಮೋದನೆ ಪಡೆಯಿತು. ತಿದ್ದುಪಡಿಯ ಪಠ್ಯವು ಅನ್ಯ ರಾಜ್ಯದ ಮತ್ತು ಅನ್ಯ ದೇಶದ ಪ್ರಜೆಗಳನ್ನು ಕುರಿತು ಮಾತ್ರ ಹೇಳುತ್ತದೆ. ಆದರೆ 1890ರ ಹ್ಯಾನ್ಸ್ ವಿರುದ್ಧ ಲೂಸಿಯಾನಾ ತೀರ್ಪು ಸ್ವಂತ ರಾಜ್ಯದ ಪ್ರಜೆಗಳಿಗೂ ಆ ನಿಷೇಧವನ್ನು ವಿಸ್ತರಿಸಿತು.

ಇವೆರಡರ ನಡುವೆ 1871ರ ಏಪ್ರಿಲ್ 20ರ ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ನಡೆಸುತ್ತಿದ್ದ ಹಿಂಸಾಚಾರವನ್ನು ಅಲ್ಲಿನ ಅಧಿಕಾರಿಗಳು ತಡೆಯದಿದ್ದಾಗ ರೂಪುಗೊಂಡ ಕಾಯಿದೆ ಇದು. ರಾಜ್ಯದ ಅಧಿಕಾರದ ಹೆಸರಿನಲ್ಲಿ ಮತ್ತೊಬ್ಬರ ಸಂವಿಧಾನದತ್ತ ಹಕ್ಕನ್ನು ಕಸಿದುಕೊಳ್ಳುವ ಯಾವುದೇ 'ವ್ಯಕ್ತಿ' ಹೊಣೆಗಾರನೆಂದು ಅದರ ಮೊದಲ ಕಲಂ ಹೇಳಿತು. ಇಂದು ಇದನ್ನು ಕಲಂ 1983 ಎಂದು ಕರೆಯುತ್ತಾರೆ. ಉನ್ಮುಕ್ತಿಯ ಕುರಿತು ಆ ಕಲಮಿನಲ್ಲಿ ಒಂದು ಮಾತೂ ಇರಲಿಲ್ಲ. ರಾಜ್ಯದ ಕಾನೂನು, ನಿಯಮ ಅಥವಾ ರೂಢಿ ಇದಕ್ಕೆ ವಿರುದ್ಧವಾಗಿದ್ದರೂ ಹೊಣೆ ತಪ್ಪದು ಎಂಬರ್ಥದ ಪದಗಳು ಮೂಲ ಪಠ್ಯದಲ್ಲಿದ್ದವು. 1874ರ ಕಾನೂನು ಕ್ರೋಡೀಕರಣದಲ್ಲಿ ಅವು ಬಿಟ್ಟುಹೋದವು. ಈ ಲೋಪದತ್ತ ಕಾನೂನು ವಿದ್ವಾಂಸರು 2023ರಲ್ಲಿ ಮತ್ತೆ ಗಮನ ಸೆಳೆದಿದ್ದಾರೆ.

ಸುಮಾರು ತೊಂಬತ್ತು ವರ್ಷಗಳ ಕಾಲ ಈ ಕಲಂ ಬಹುಮಟ್ಟಿಗೆ ನಿಷ್ಕ್ರಿಯವಾಗಿತ್ತು. ಶಿಕಾಗೋ ಪೊಲೀಸರ ದೌರ್ಜನ್ಯಕ್ಕೆ ಸಂಬಂಧಿಸಿದ 1961ರ ಮನ್ರೋ ವಿರುದ್ಧ ಪೇಪ್ ತೀರ್ಪು ಅದಕ್ಕೆ ಮರುಜೀವ ನೀಡಿತು. ಅಲ್ಲಿಂದ ಮುಂದೆ ನಾಗರಿಕ ಹಕ್ಕುಗಳ ದಾವೆಗಳಲ್ಲಿ ಪರವಾನಗಿ ಮಂಡಳಿಗಳೂ ಪ್ರತಿವಾದಿಗಳಾಗತೊಡಗಿದವು. ಆಗ ಎದ್ದ ಪ್ರಶ್ನೆ, ರಾಜ್ಯವು 'ವ್ಯಕ್ತಿ'ಯೇ? 1979ರ ಕ್ವೆರ್ನ್ ವಿರುದ್ಧ ಜಾರ್ಡನ್ ತೀರ್ಪಿನಲ್ಲಿ, ಕಲಂ 1983 ರಾಜ್ಯಗಳ ಉನ್ಮುಕ್ತಿಯನ್ನು ತೆಗೆದುಹಾಕಿಲ್ಲವೆಂದು ನ್ಯಾಯಾಲಯ ಹೇಳಿತು. 1989ರ ವಿಲ್ ವಿರುದ್ಧ ಮಿಷಿಗನ್ ಪೊಲೀಸ್ ಇಲಾಖೆ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಬಹುಮತದಿಂದ, ರಾಜ್ಯವಾಗಲಿ, ರಾಜ್ಯದ ಅಂಗವೆನಿಸಿದ ಸಂಸ್ಥೆಗಳಾಗಲಿ, ಪದನಿಮಿತ್ತವಾಗಿ ದಾವೆಗೆ ಗುರಿಯಾದ ಅಧಿಕಾರಿಗಳಾಗಲಿ ನಷ್ಟಪರಿಹಾರದ ಉದ್ದೇಶಕ್ಕೆ 'ವ್ಯಕ್ತಿ'ಗಳಲ್ಲವೆಂದು ತೀರ್ಮಾನವಾಯಿತು. ರಾಜ್ಯದ ಅಂಗವೆಂದು ಪರಿಗಣಿತವಾಗುವ ಪರವಾನಗಿ ಮಂಡಳಿಗೆ ಇದರಿಂದ ಭದ್ರವಾದ ರಕ್ಷಣೆ ದೊರೆಯಿತು.

ಇದರ ವೈಚಿತ್ರ್ಯ ನಗರಗಳೊಂದಿಗೆ ಹೋಲಿಸಿದಾಗ ಎದ್ದು ಕಾಣುತ್ತದೆ. 1978ರ ಮೊನೆಲ್ ತೀರ್ಪು ನಗರಸಭೆಗಳನ್ನು 'ವ್ಯಕ್ತಿ'ಗಳೆಂದು ಒಪ್ಪಿತು. 1980ರ ಓವೆನ್ ತೀರ್ಪು ಅವುಗಳಿಗೆ ಸದುದ್ದೇಶದ ರಕ್ಷಣೆಯೂ ಇಲ್ಲವೆಂದಿತು. ಹೀಗಾಗಿ ನಗರವೊಂದು ತನ್ನ ನೀತಿಯ ಅಂಗವಾಗಿ ಜನಾಂಗೀಯ ಕಾರಣಕ್ಕೆ ಪರವಾನಗಿ ನಿರಾಕರಿಸಿದರೆ ಅದು ನಷ್ಟ ತುಂಬಿಕೊಡಬೇಕಾಗುತ್ತದೆ. ರಾಜ್ಯದ ಮಂಡಳಿ ಅದೇ ಕಾರಣಕ್ಕೆ ನಿರಾಕರಿಸಿದರೆ ತುಂಬಿಕೊಡಬೇಕಾಗಿಲ್ಲ. ಯಿಕ್ ವೋ ಇಂದು ದಾವೆ ಹೂಡಿದ್ದರೆ ಗೆಲುವು ಸಾಧ್ಯವಿತ್ತು. ಅದೇ ಒಪ್ಪಿಗೆ ರಾಜ್ಯದ ಮಂಡಳಿಯಿಂದ ಬರಬೇಕಾಗಿದ್ದಲ್ಲಿ ಫಲ ಬೇರೆಯಾಗುತ್ತಿತ್ತು.

ರಾಜ್ಯದ ಈ ಕವಚದಲ್ಲಿ ಎರಡು ಬಿರುಕುಗಳಿವೆ. ಮೊದಲನೆಯದು 1908ರ ಯಂಗ್ ಪ್ರಕರಣದ ತತ್ತ್ವ. ಸಂವಿಧಾನವಿರೋಧಿ ಕಾನೂನನ್ನು ಜಾರಿಗೊಳಿಸುವ ಅಧಿಕಾರಿಯು ಆ ಮಟ್ಟಿಗೆ ರಾಜ್ಯದ ರಕ್ಷಣೆಯಿಂದ ಹೊರಗುಳಿಯುತ್ತಾನೆ. ಆದ್ದರಿಂದ ಮುಂದಿನ ಕ್ರಮವನ್ನು ತಡೆಯುವ ಆಜ್ಞೆಯನ್ನು ಆತನ ವಿರುದ್ಧ ಪಡೆಯಬಹುದು. ಆದರೆ ಕಳೆದ ಕಾಲದ ನಷ್ಟವನ್ನು ರಾಜ್ಯದ ಬೊಕ್ಕಸದಿಂದ ಕೊಡಿಸುವಂತಿಲ್ಲವೆಂದು 1974ರ ಎಡೆಲ್‌ಮನ್ ತೀರ್ಪು ಸ್ಪಷ್ಟಪಡಿಸಿತು. ಎರಡನೆಯದು 1991ರ ಹೇಫರ್ ವಿರುದ್ಧ ಮೆಲೋ ತೀರ್ಪು. ಪದದಲ್ಲಿದ್ದಾಗ ಮಾಡಿದ ಕಾರ್ಯಕ್ಕೂ ಅಧಿಕಾರಿಯ ಮೇಲೆ ವೈಯಕ್ತಿಕವಾಗಿ ದಾವೆ ಹೂಡಬಹುದೆಂದು ಅದು ಒಪ್ಪಿತು. ಮಂಡಳಿಯ ಸದಸ್ಯರ ಮೇಲಿನ ನಷ್ಟಪರಿಹಾರದ ದಾವೆಗೆ ಉಳಿದ ಬಾಗಿಲು ಇದೊಂದೇ. ಈ ಬಾಗಿಲಲ್ಲಿಯೇ ನ್ಯಾಯಾಧೀಶನ ಕವಚ ಮತ್ತೆ ಎದುರಾಗುತ್ತದೆ.

ಕವಚದ ಹಸ್ತಾಂತರ

ಕಲಂ 1983ರ ದಾವೆಗಳಲ್ಲಿಯೂ ನ್ಯಾಯಾಧೀಶರಿಗೆ ಸಂಪೂರ್ಣ ಉನ್ಮುಕ್ತಿ ಇದೆಯೆಂದು ಹೇಳಿದ್ದು 1967ರ ಪಿಯರ್ಸನ್ ವಿರುದ್ಧ ರೇ ತೀರ್ಪು. 1961ರಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದ ಬಸ್ ನಿಲ್ದಾಣದಲ್ಲಿ ವರ್ಣಭೇದವನ್ನು ಧಿಕ್ಕರಿಸಿದ ಪಾದ್ರಿಗಳನ್ನು ಶಿಕ್ಷಿಸಿದ ಸ್ಥಳೀಯ ನ್ಯಾಯಾಧೀಶರ ಮೇಲಿನ ದಾವೆ ಅದು. 1871ರ ಕಾಯಿದೆ ಯಾವ ರಾಜ್ಯಗಳ ಅಧಿಕಾರಿಗಳನ್ನು ಗುರಿಯಾಗಿಟ್ಟುಕೊಂಡು ಬಂದಿತ್ತೋ ಅಂತಹ ರಾಜ್ಯದ ನ್ಯಾಯಾಧೀಶರನ್ನೇ ಅದರಿಂದ ಹೊರಗಿಟ್ಟಿತೆಂಬ ಆಕ್ಷೇಪವನ್ನು ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಎತ್ತಿದರು.

ನ್ಯಾಯಾಲಯದಿಂದ ಆಡಳಿತ ಸಂಸ್ಥೆಗೆ ಈ ರಕ್ಷಣೆಯನ್ನು ದಾಟಿಸಿದ್ದು 1978ರ ಬುಟ್ಜ್ ವಿರುದ್ಧ ಎಕಾನಮೌ ತೀರ್ಪು. ಇದೂ ವೃತ್ತಿಯ ಅನುಮತಿಗೆ ಸಂಬಂಧಿಸಿದ ಪ್ರಕರಣವೇ. ಸರಕು ವಾಯಿದೆ ವ್ಯಾಪಾರದ ಸಂಸ್ಥೆಯೊಂದರ ನೋಂದಣಿಯನ್ನು ರದ್ದುಪಡಿಸಲು ಒಕ್ಕೂಟದ ಕೃಷಿ ಇಲಾಖೆ 1970ರಲ್ಲಿ ಕ್ರಮ ಕೈಗೊಂಡಿತು. ಇಲಾಖೆಯನ್ನು ಟೀಕಿಸಿದ್ದಕ್ಕೆ ಪ್ರತೀಕಾರವಿದು ಎಂದು ಅದರ ಒಡೆಯರು ದಾವೆ ಹೂಡಿದರು. ಹುದ್ದೆಯ ಹೆಸರಿಗಿಂತ ನಿರ್ವಹಿಸುವ ಕಾರ್ಯದ ಸ್ವರೂಪ ಮುಖ್ಯವೆಂದು ನ್ಯಾಯಮೂರ್ತಿ ಬೈರನ್ ವೈಟ್ ಬರೆದರು. ನ್ಯಾಯಾಲಯದಂತೆ ವಿಚಾರಣೆ ನಡೆಸಿ ತೀರ್ಮಾನಿಸುವ ಅಧಿಕಾರಿಗೆ ನ್ಯಾಯಾಧೀಶನಂತೆಯೂ, ಆರೋಪ ಹೂಡಿ ವಾದಿಸುವ ಅಧಿಕಾರಿಗೆ ಸರ್ಕಾರಿ ಅಭಿಯೋಜಕನಂತೆಯೂ ಸಂಪೂರ್ಣ ಉನ್ಮುಕ್ತಿ ದೊರೆಯಿತು.

ಈ ಹೋಲಿಕೆಯನ್ನು ಅಳೆಯುವ ಮಾನದಂಡಗಳನ್ನು 1985ರ ಕ್ಲೀವಿಂಜರ್ ತೀರ್ಪು ಒಂದೆಡೆ ಕ್ರೋಡೀಕರಿಸಿತು. ಬೆದರಿಕೆಯಿಲ್ಲದೆ ಕಾರ್ಯ ನಿರ್ವಹಿಸುವ ಅಗತ್ಯ, ದಾವೆಗೆ ಪರ್ಯಾಯವಾದ ರಕ್ಷಣೆಗಳು, ರಾಜಕೀಯ ಪ್ರಭಾವದಿಂದ ದೂರವಿರುವಿಕೆ, ಪೂರ್ವನಿರ್ಣಯಗಳ ಮಹತ್ತ್ವ, ವಾದ-ಪ್ರತಿವಾದದ ಸ್ವರೂಪ, ಮೇಲ್ಮನವಿಯಲ್ಲಿ ತಪ್ಪು ತಿದ್ದುವ ಅವಕಾಶ – ಇವೇ ಆ ಆರು ಅಂಶಗಳು. ಕ್ಲೀವಿಂಜರ್ ಪ್ರಕರಣದ ಪ್ರತಿವಾದಿಗಳು ಸೆರೆಮನೆಯ ಶಿಸ್ತು ಸಮಿತಿಯವರು. ಅವರು ಸೆರೆಮನೆಯ ನೌಕರರೇ ಆಗಿದ್ದು ತಮ್ಮ ಸಹೋದ್ಯೋಗಿಯ ಮತ್ತು ಕೈದಿಯ ಮಾತುಗಳ ನಡುವೆ ತೀರ್ಮಾನಿಸಬೇಕಾಗಿದ್ದುದರಿಂದ ಅವರನ್ನು ಸ್ವತಂತ್ರ ನ್ಯಾಯಾಧೀಶರಂತೆ ಕಾಣಲಾಗದೆಂದು ನ್ಯಾಯಾಲಯ ಹೇಳಿತು. ವಿಚಾರಣೆಯ ವಿಧಾನವನ್ನಷ್ಟೇ ಅಲ್ಲದೆ ಪೀಠದಲ್ಲಿ ಕುಳಿತವರ ಹಿತಾಸಕ್ತಿಯನ್ನೂ ನೋಡಬೇಕೆಂಬ ಸೂಚನೆ ಇಲ್ಲಿದೆ.

ಒಕ್ಕೂಟದ ಮೇಲ್ಮನವಿ ನ್ಯಾಯಾಲಯಗಳು ವೈದ್ಯಕೀಯ ಮಂಡಳಿಗಳಿಗೆ ಈ ಮಾನದಂಡಗಳನ್ನು ಅನ್ವಯಿಸಿದಾಗ ಹೆಚ್ಚಿನ ಒತ್ತು ವಿಧಾನದ ಮೇಲೆಯೇ ಬಿದ್ದಿತು. ಕೊಲರಾಡೊ ಮಂಡಳಿಯ ಕುರಿತ 1987ರ ಹಾರ್ವಿಟ್ಜ್, ಮಸಾಚುಸೆಟ್ಸ್ ಮಂಡಳಿಯ ಕುರಿತ 1990ರ ಬೆಟನ್‌ಕೋರ್ಟ್, ಟೆನೆಸಿ ಮಂಡಳಿಯ ಕುರಿತ 1992ರ ವಾಟ್ಸ್ ಪ್ರಕರಣಗಳಲ್ಲಿ ಸದಸ್ಯರಿಗೆ ಸಂಪೂರ್ಣ ಉನ್ಮುಕ್ತಿ ದೊರೆಯಿತು. ರೋಗಿಗಳ ಸುರಕ್ಷತೆಗಾಗಿ ಅಯೋಗ್ಯ ವೈದ್ಯರನ್ನು ತಡೆಯುವ ಧೈರ್ಯ ಮಂಡಳಿಗೆ ಬೇಕು, ಪರವಾನಗಿ ಕಳೆದುಕೊಂಡವರು ಸಹಜವಾಗಿ ದಾವೆ ಹೂಡುತ್ತಾರೆ, ವೈಯಕ್ತಿಕ ಹೊಣೆಯ ಭಯವಿದ್ದರೆ ಯೋಗ್ಯರು ಸದಸ್ಯತ್ವವನ್ನು ಒಪ್ಪಲಾರರು ಎಂಬ ಕಾರಣಗಳು ನಿರಾಧಾರವಾದುವಲ್ಲ. ಆದರೆ ಈ ಕಾರಣಗಳು ಸಂಪೂರ್ಣ ಉನ್ಮುಕ್ತಿಯನ್ನೇ ಅನಿವಾರ್ಯವಾಗಿಸುತ್ತವೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಥಾಪಿತವಾದ ಹಕ್ಕನ್ನು ಸ್ಪಷ್ಟವಾಗಿ ಉಲ್ಲಂಘಿಸದ ಅಧಿಕಾರಿಯನ್ನು ರಕ್ಷಿಸುವ ಷರತ್ತುಬದ್ಧ ಉನ್ಮುಕ್ತಿಯನ್ನು 1982ರ ಹಾರ್ಲೋ ತೀರ್ಪು ಆಗಲೇ ರೂಪಿಸಿತ್ತು. ರಾಜ್ಯಪಾಲರಿಗೂ ಪೊಲೀಸರಿಗೂ ದೊರೆಯುವುದು ಈ ಷರತ್ತುಬದ್ಧ ರಕ್ಷಣೆ ಮಾತ್ರ.

ಹೋಲಿಕೆ ತಾನಾಗಿ ಸಿದ್ಧಿಸುವುದಿಲ್ಲವೆಂಬುದಕ್ಕೆ 2003ರ ಡಿಬ್ಲಾಸಿಯೊ ವಿರುದ್ಧ ನೊವೆಲ್ಲೊ ತೀರ್ಪು ನಿದರ್ಶನ. ಪೂರ್ಣ ವಿಚಾರಣೆಗೆ ಮೊದಲೇ ವೈದ್ಯರ ಪರವಾನಗಿಯನ್ನು ತುರ್ತಾಗಿ ಅಮಾನತುಗೊಳಿಸುವ ನ್ಯೂಯಾರ್ಕ್ ರಾಜ್ಯದ ವ್ಯವಸ್ಥೆಯಲ್ಲಿ ನ್ಯಾಯಾಲಯಕ್ಕೆ ಸಮಾನವಾದ ರಕ್ಷಣೆಗಳಿಲ್ಲವೆಂದು ಕಂಡ ಮೇಲ್ಮನವಿ ನ್ಯಾಯಾಲಯವು ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ ಸಂಪೂರ್ಣ ಉನ್ಮುಕ್ತಿಯನ್ನು ನಿರಾಕರಿಸಿತು.

ಪೀಠದಲ್ಲಿ ಕುಳಿತವರು ಯಾರು?

ಹಿತಾಸಕ್ತಿಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ ನೇರವಾಗಿ ಎದುರಿಸಿದ್ದು 1973ರ ಗಿಬ್ಸನ್ ವಿರುದ್ಧ ಬೆರಿಹಿಲ್ ಪ್ರಕರಣದಲ್ಲಿ. ಅಲಬಾಮಾ ರಾಜ್ಯದ ದೃಷ್ಟಿ ಪರೀಕ್ಷಕರ ಮಂಡಳಿಯ ಸದಸ್ಯರೆಲ್ಲರೂ ಸ್ವತಂತ್ರವಾಗಿ ವೃತ್ತಿ ನಡೆಸುವವರು. ಕನ್ನಡಕದ ಕಂಪನಿಯ ನೌಕರಿಯಲ್ಲಿದ್ದ ಪರೀಕ್ಷಕರ ಪರವಾನಗಿ ರದ್ದತಿಯ ವಿಚಾರಣೆ ಅವರ ಮುಂದಿತ್ತು. ಆ ರಾಜ್ಯದ ಪರೀಕ್ಷಕರಲ್ಲಿ ಸರಿಸುಮಾರು ಅರ್ಧದಷ್ಟು ಜನ ಇಂತಹ ನೌಕರಿಯಲ್ಲಿದ್ದರು. ಅವರನ್ನು ಹೊರಗಟ್ಟಿದರೆ ಅವರ ಗ್ರಾಹಕರು ಮಂಡಳಿಯ ಸದಸ್ಯರಂತಹ ಸ್ವತಂತ್ರ ವೃತ್ತಿನಿರತರ ಬಳಿಗೆ ಬರುತ್ತಿದ್ದರು. ಹಣಕಾಸಿನ ಹಿತಾಸಕ್ತಿಯುಳ್ಳ ಇಂತಹ ಮಂಡಳಿಯ ವಿಚಾರಣೆ ಸಂವಿಧಾನಕ್ಕೆ ಸಮ್ಮತವಲ್ಲವೆಂದು ನ್ಯಾಯಮೂರ್ತಿ ವೈಟ್ ಬರೆದರು. ಎರಡು ವರ್ಷಗಳ ನಂತರ 1975ರ ವಿತ್ರೋ ವಿರುದ್ಧ ಲಾರ್ಕಿನ್ ಪ್ರಕರಣದಲ್ಲಿ ಅವರೇ, ವಿಸ್ಕಾನ್ಸಿನ್ ವೈದ್ಯಕೀಯ ಮಂಡಳಿ ತನಿಖೆ ಮತ್ತು ತೀರ್ಮಾನ ಎರಡನ್ನೂ ನಡೆಸುವುದು ತನ್ನಷ್ಟಕ್ಕೆ ಪಕ್ಷಪಾತವಲ್ಲವೆಂದರು. ಬುಟ್ಜ್ ಮತ್ತು ವಿಲ್ ತೀರ್ಪುಗಳನ್ನು ಬರೆದವರೂ ವೈಟ್ ಅವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಫೀಲ್ಡ್ ಅವರ ಬರಹದಲ್ಲಿ ಕಂಡ ಒಳದ್ವಂದ್ವ ಇಪ್ಪತ್ತನೆಯ ಶತಮಾನದಲ್ಲಿ ವೈಟ್ ಅವರ ಬರಹದಲ್ಲಿ ಮರುಕಳಿಸಿತು.

ಗಿಬ್ಸನ್ ಮಾದರಿಯ ಪಕ್ಷಪಾತ ಕಾಣದಿದ್ದಲ್ಲಿ ಒಕ್ಕೂಟದ ನ್ಯಾಯಾಲಯ ದೂರ ನಿಲ್ಲುವುದೇ ಸಾಮಾನ್ಯ. 1971ರ ಯಂಗರ್ ತೀರ್ಪು ಕ್ರಿಮಿನಲ್ ಪ್ರಕರಣಗಳಿಗೆ ಹೇಳಿದ ಈ ಸಂಯಮವನ್ನು 1982ರ ಮಿಡ್ಲ್‌ಸೆಕ್ಸ್ ತೀರ್ಪು ವಕೀಲರ ಶಿಸ್ತು ವಿಚಾರಣೆಗೂ ವಿಸ್ತರಿಸಿತು. ಕರಿಯ ವಕೀಲರ ರಾಷ್ಟ್ರೀಯ ಸಂಘಟನೆಯೊಂದರ ಪದಾಧಿಕಾರಿ ಲೆನಾಕ್ಸ್ ಹೈಂಡ್ಸ್ ಅವರು 1977ರಲ್ಲಿ ನ್ಯೂಜೆರ್ಸಿಯ ಒಂದು ವಿಚಾರಣೆಯ ಜನಾಂಗೀಯ ಪಕ್ಷಪಾತವನ್ನು ಕಟುವಾಗಿ ಟೀಕಿಸಿ ಶಿಸ್ತು ಕ್ರಮಕ್ಕೆ ಗುರಿಯಾಗಿದ್ದರ ಪ್ರಕರಣವದು. ವಾಕ್‌ಸ್ವಾತಂತ್ರ್ಯದ ಆ ಪ್ರಶ್ನೆಯನ್ನು ಮೊದಲು ರಾಜ್ಯದ ಪ್ರಕ್ರಿಯೆಯಲ್ಲೇ ಎತ್ತಬೇಕಾಯಿತು. 2013ರ ಸ್ಪ್ರಿಂಟ್ ತೀರ್ಪು ಈ ಸಂಯಮಕ್ಕೆ ಮಿತಿ ಹಾಕಿತಾದರೂ ದಂಡನೆಯ ಸ್ವರೂಪದ ವಿಚಾರಣೆಗಳನ್ನು ಅದರೊಳಗೇ ಉಳಿಸಿತು.

ಮಂಡಳಿಯ ರಚನೆಯ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದದ್ದು 2015ರಲ್ಲಿ, ನಾಗರಿಕ ಹಕ್ಕುಗಳ ಕ್ಷೇತ್ರದಲ್ಲಲ್ಲ, ವ್ಯಾಪಾರ ಸ್ಪರ್ಧೆಯ ಕ್ಷೇತ್ರದಲ್ಲಿ. ಉತ್ತರ ಕೆರೊಲಿನಾ ದಂತವೈದ್ಯ ಮಂಡಳಿಯ ಎಂಟು ಸದಸ್ಯರಲ್ಲಿ ಆರು ಮಂದಿ ದಂತವೈದ್ಯರು. ಹಲ್ಲು ಬಿಳುಪುಗೊಳಿಸುವ ಸೇವೆಯನ್ನು ಕಡಿಮೆ ದರದಲ್ಲಿ ನೀಡುತ್ತಿದ್ದ, ದಂತವೈದ್ಯರಲ್ಲದವರಿಗೆ ಮಂಡಳಿಯು 2006ರಿಂದ ಕನಿಷ್ಠ 47 ನಿಲುಗಡೆ ಪತ್ರಗಳನ್ನು ಕಳುಹಿಸಿತು. ರಾಜ್ಯದ ಕ್ರಮಗಳಿಗೆ ಸ್ಪರ್ಧಾ ಕಾನೂನಿನಿಂದ ಇರುವ ಉನ್ಮುಕ್ತಿ ತನಗೂ ಇದೆಯೆಂಬ ಮಂಡಳಿಯ ವಾದವನ್ನು ಆರು–ಮೂರರ ಬಹುಮತದಿಂದ ನ್ಯಾಯಾಲಯ ತಳ್ಳಿಹಾಕಿತು. ಮಾರುಕಟ್ಟೆಯಲ್ಲಿ ಸಕ್ರಿಯರಾಗಿರುವವರೇ ಮಂಡಳಿಯನ್ನು ನಿಯಂತ್ರಿಸುತ್ತಿದ್ದರೆ, ರಾಜ್ಯದ ಸಕ್ರಿಯ ಮೇಲ್ವಿಚಾರಣೆ ಇಲ್ಲದೆ ಆ ಉನ್ಮುಕ್ತಿ ದೊರೆಯದೆಂದು ನ್ಯಾಯಮೂರ್ತಿ ಕೆನಡಿ ಬರೆದರು. ರಾಜ್ಯದ ಹೆಸರನ್ನು ಹೊತ್ತ ಮಾತ್ರಕ್ಕೆ ಮಂಡಳಿಯನ್ನು ರಾಜ್ಯವೆಂದು ಕಾಣಲಾಗದೆಂಬ ಈ ವಿವೇಕ ಕಲಂ 1983ರ ಕ್ಷೇತ್ರದಲ್ಲಿ ಉನ್ಮುಕ್ತಿಯ ನಿಯಮಗಳನ್ನು ಬದಲಿಸಿಲ್ಲ.

ಉಳಿದ ದಾರಿಗಳು

ಪರವಾನಗಿಯಲ್ಲಿನ ತಾರತಮ್ಯ ಪರಿಹಾರವಿಲ್ಲದೆಯೇ ಉಳಿಯಿತೆಂದು ಹೇಳಲಾಗದು. ಹಿಂದಿನ ಕಮ್ಯುನಿಸ್ಟ್ ಸದಸ್ಯತ್ವವನ್ನೂ ಒಂದು ಕಾರಣವಾಗಿಸಿ ನ್ಯೂ ಮೆಕ್ಸಿಕೊ ರಾಜ್ಯವು ವಕೀಲಿ ಪರೀಕ್ಷೆಗೆ ಅವಕಾಶ ನಿರಾಕರಿಸಿದ್ದನ್ನು 1957ರ ಶ್ವೇರ್ ತೀರ್ಪು ರದ್ದುಪಡಿಸಿತು. ಪೌರತ್ವದ ಷರತ್ತನ್ನು ವಕೀಲರ ವಿಷಯದಲ್ಲಿ 1973ರ ಗ್ರಿಫಿತ್ಸ್ ತೀರ್ಪೂ, ಪೋರ್ಟೊ ರಿಕೊದ ಎಂಜಿನಿಯರುಗಳ ವಿಷಯದಲ್ಲಿ 1976ರ ಫ್ಲೋರೆಸ್ ದ ಓಟೆರೊ ತೀರ್ಪೂ ತೆಗೆದುಹಾಕಿದವು. ಈ ಷರತ್ತಿಗೆ ಭಾರತೀಯರ ಇತಿಹಾಸದೊಂದಿಗೂ ಸಂಬಂಧವಿದೆ. 1923ರ ಥಿಂಡ್ ತೀರ್ಪಿನಿಂದ ಹಿಡಿದು 1946ರ ಕಾಯಿದೆಯವರೆಗೆ ಭಾರತೀಯ ವಲಸಿಗರು ಅಮೆರಿಕದ ಪೌರತ್ವಕ್ಕೆ ಅರ್ಹರಾಗಿರಲಿಲ್ಲ. ಪೌರತ್ವವನ್ನು ಬೇಡುವ ವೃತ್ತಿಗಳ ಬಾಗಿಲು ಅಷ್ಟರಮಟ್ಟಿಗೆ ಅವರಿಗೂ ಮುಚ್ಚಿತ್ತು.

ಇವೆಲ್ಲವೂ ಮೇಲ್ಮನವಿ ಅಥವಾ ತಡೆಯಾಜ್ಞೆಯ ದಾರಿಯಿಂದ ಬಂದ ಗೆಲುವುಗಳು. ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ ಕಾಂಗ್ರೆಸ್ ರಾಜ್ಯಗಳ ಉನ್ಮುಕ್ತಿಯನ್ನು ತೆಗೆದುಹಾಕಬಹುದೆಂದು 1976ರ ಫಿಟ್ಜ್‌ಪ್ಯಾಟ್ರಿಕ್ ತೀರ್ಪು ಒಪ್ಪಿತ್ತು. 1990ರ ಅಂಗವಿಕಲರ ಕಾಯಿದೆಯಲ್ಲಿ ಕಾಂಗ್ರೆಸ್ ಹಾಗೆಯೇ ಮಾಡಿತು. ಆದರೆ ಉದ್ಯೋಗಕ್ಕೆ ಸಂಬಂಧಿಸಿದ ಭಾಗದಲ್ಲಿ ಅದು ಸಿಂಧುವಲ್ಲವೆಂದು 2001ರಲ್ಲಿಯೂ, ನ್ಯಾಯಾಲಯಗಳ ಪ್ರವೇಶದ ಮಟ್ಟಿಗೆ ಸಿಂಧುವೆಂದು 2004ರಲ್ಲಿಯೂ ತೀರ್ಪುಗಳು ಬಂದವು. ಪರವಾನಗಿ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆಂಬ ಪ್ರಶ್ನೆ ತೀರ್ಮಾನವಾಗುವ ಸಂದರ್ಭವೊಂದು ಒದಗಿತ್ತು. ಮಾನಸಿಕ ಕಾಯಿಲೆಯ ಕಾರಣಕ್ಕೆ ಕ್ಯಾಲಿಫೋರ್ನಿಯಾ ವೈದ್ಯಕೀಯ ಮಂಡಳಿ ಪರವಾನಗಿ ನಿರಾಕರಿಸಿದ ಒಬ್ಬ ವೈದ್ಯರ ದಾವೆಯನ್ನು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಮುಂದುವರಿಸಲು ಬಿಟ್ಟಿತು. ಸರ್ವೋಚ್ಚ ನ್ಯಾಯಾಲಯವೂ ವಿಚಾರಣೆಗೆ ಒಪ್ಪಿತು. ಆದರೆ ಮಂಡಳಿಯೇ ತನ್ನ ಅರ್ಜಿಯನ್ನು ಹಿಂತೆಗೆದುಕೊಂಡುದರಿಂದ 2003ರಲ್ಲಿ ಪ್ರಕರಣ ತೀರ್ಪಿಲ್ಲದೆ ಮುಕ್ತಾಯವಾಯಿತು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರವಾನಗಿ ಮಂಡಳಿಯ ಉನ್ಮುಕ್ತಿಯನ್ನು ಶಾಸನಸಭೆ ಚರ್ಚಿಸಿ ನೀಡಿದುದಲ್ಲ. 1871ರ ಕಾಯಿದೆ ಆ ಕುರಿತು ಮೌನವಾಗಿತ್ತು. ಸಾಲಗಾರರಾಗಿದ್ದ ರಾಜ್ಯಗಳಿಗೆ ಬಂದ ರಕ್ಷಣೆಯೊಂದು, ನ್ಯಾಯಾಧೀಶನ ನಿರ್ಭೀತಿಗಾಗಿ ಬಂದ ರಕ್ಷಣೆ ಮತ್ತೊಂದು; ಇವೆರಡೂ ಕೂಡಿ ಮಂಡಳಿಯನ್ನು ತಲುಪಿದವು. ಮಂಡಳಿಯು ರಾಜ್ಯದಂತಿದೆಯೇ, ಅದರ ವಿಚಾರಣೆ ನ್ಯಾಯಾಲಯದಂತಿದೆಯೇ ಎಂಬ ಎರಡು ಹೋಲಿಕೆಗಳನ್ನು ನ್ಯಾಯಾಲಯಗಳು ಬೇರೆಬೇರೆಯಾಗಿ ಅಳೆದಿವೆ. ಅಲ್ಲಿ ಕುಳಿತವರು ಪ್ರತಿಸ್ಪರ್ಧಿಗಳೇ ಎಂಬ ಮೂರನೆಯ ಪ್ರಶ್ನೆಯನ್ನು ಪಕ್ಷಪಾತದ ಹಾಗೂ ಸ್ಪರ್ಧಾ ಕಾನೂನಿನ ಪ್ರಕರಣಗಳಲ್ಲಿ ಕೇಳಿದಷ್ಟು ಗಂಭೀರವಾಗಿ ಉನ್ಮುಕ್ತಿಯ ಪ್ರಕರಣಗಳಲ್ಲಿ ಕೇಳಿಲ್ಲ. ನ್ಯಾಯಾಧೀಶನೊಡನೆ ಹೋಲಿಕೆಯೇ ಉನ್ಮುಕ್ತಿಗೆ ಆಧಾರವಾಗಿರುವಾಗ, ನ್ಯಾಯಾಧೀಶನ ಮೊದಲ ಲಕ್ಷಣವಾದ ನಿರ್ಲಿಪ್ತತೆಯನ್ನು ಆ ಹೋಲಿಕೆಯಿಂದ ಹೊರಗಿಡಲು ಬರುವುದಿಲ್ಲ.

ಈ ಪ್ರಶ್ನೆ ಕೇವಲ ಸೈದ್ಧಾಂತಿಕವಾದುದಲ್ಲ. ತಡೆಯಾಜ್ಞೆ ಮತ್ತು ಮೇಲ್ಮನವಿ ಮುಂದಿನ ದಿನಗಳನ್ನು ಸರಿಪಡಿಸಬಲ್ಲವು. ವೃತ್ತಿಯಿಲ್ಲದೆ ಕಳೆದ ವರ್ಷಗಳ ಲೆಕ್ಕವನ್ನು ಅವು ಕೇಳುವುದಿಲ್ಲ. ಮೈರಾ ಬ್ರಾಡ್‌ವೆಲ್ ಅವರಿಗೆ ಇಲಿನಾಯ್ ರಾಜ್ಯದ ನ್ಯಾಯಾಲಯವು 1890ರಲ್ಲಿ ತಾನಾಗಿಯೇ ವಕೀಲಿ ಪರವಾನಗಿ ನೀಡಿತು. ಅವರು ಮೊದಲು ಅರ್ಜಿ ಸಲ್ಲಿಸಿದ 1869ರಿಂದಲೇ ಅದನ್ನು ಜಾರಿಯೆಂದು ದಾಖಲಿಸಿತು. ದಾಖಲೆಯ ದಿನಾಂಕವನ್ನು ಹೀಗೆ ಹಿಂದಕ್ಕೆ ಸರಿಸಲು ಸಾಧ್ಯವಾಯಿತು. ನಾಲ್ಕು ವರ್ಷಗಳ ನಂತರ ಅವರು ನಿಧನರಾದರು.